ಸ್ಕ್ರೀನಿನ ಮೇಲೆ ವಿಭೂತಿ

ಅಣ್ಣಯ್ಯಪ್ಪ ನಾಲೆ ಪಕ್ಕದ ಹಳ್ಳದಲ್ಲಿ ಬಿದ್ದುಕೊಂಡು ದೇವರನ್ನೂ ಕಾರಿನವನನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದ. ಅವನ ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ಮೊಪೆಡ್ಡು ಲಂಟಾನದ ಪೊದೆಗೆ ಸಿಕ್ಕಿಕೊಂಡಿತ್ತು. ಹಿಂದೆ ಕಟ್ಟಿದ್ದ ಹುಲ್ಲಿನ ಹೊರೆ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ರಸ್ತೆಯ ನಡುವೆ ಕೂತಿತ್ತು.

ಮಾರ್ಕೋನಹಳ್ಳಿ ರಸ್ತೆಯಲ್ಲಿ ಮಟಮಟ ಮಧ್ಯಾಹ್ನ ಗಾಡಿಗಳು ಕಡಿಮೆ. ನಡೆದದ್ದನ್ನು ನೋಡಿದ್ದವಳು ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ನಿಂಗಮ್ಮ ಒಬ್ಬಳೇ.

"ಎಂಥಾ ಗಾಡಿ?" ಹೆಡ್ ಕಾನ್‌ಸ್ಟೇಬಲ್ ಕದರಯ್ಯ ಕೇಳಿದ.

"ಬಿಳೀ ಕಾರು ಸಾಮಿ. ಸೈಡಿಗೆ ತಗುಲಿಸ್ಬುಟ್ಟು ಮುಂದ್ಕೆ ಹೋಗಿ ನಿಂತ್ಕಂತು. ಇಳೀತಾರೇನೋ ಅನ್ಕಂಡೆ. ಇಳೀಲಿಲ್ಲ — ಹೊಂಟೋಯ್ತು."

"ಓಡಿಸ್ತಿದ್ದೋನು?"

"ಗ್ಲಾಸು ಏರಿಸ್ಕಂಡಿದ್ರು. ಕಾಣ್ಲಿಲ್ಲ."

ರಸ್ತೆಯಂಚಿನಲ್ಲಿ ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಚೂರು ಬಿದ್ದಿತ್ತು. ಕಾರಿನ ಎಡಗಡೆ ಕನ್ನಡಿಯ ಕವಚ. ಕದರಯ್ಯ ಅದನ್ನು ಎತ್ತಿ ಕುಣಿಗಲ್ ಠಾಣೆಯ ಸಬ್ ಇನ್‌ಸ್ಪೆಕ್ಟರ್ ರೂಪಶ್ರೀಯ ಕೈಗೆ ಕೊಟ್ಟ. ಆಕೆ ತಿರುಗಿಸಿ ನೋಡಿ ಜೀಪಿನ ಸೀಟಿನ ಮೇಲೆ ಇಟ್ಟಳು.

ನಿಂಗಮ್ಮ ಕೈತೋರಿಸಿದ್ದು ಕುಣಿಗಲ್ಲಿನ ಕಡೆಗೆ, ಕಾರು ಸಿಕ್ಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕುಣಿಗಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ನಿಶ್ಚಿತಾರ್ಥ ನಡೆಯುತ್ತಿತ್ತು. ಅದರ ಅಂಗಳದಲ್ಲಿ, ಹೊಂಗೆ ಮರದ ಕೆಳಗೆ, ಎಡಗನ್ನಡಿಗೆ ಕವಚವಿಲ್ಲದ ಬಿಳಿ ಕಾರು ಸಂಭಾವಿತನಂತೆ ನಿಂತಿತ್ತು. ತುಮಕೂರಿನ ಕೊಬ್ಬರಿ ವ್ಯಾಪಾರಿ ವೀರಭದ್ರಯ್ಯನವರ ಕಾರು. ಡ್ರೈವರ್ ಸಂತೋಷ್ ಕೊನೇ ಪಂಕ್ತಿಯಲ್ಲಿ ಉಂಡು ಕೈತೊಳೆಯುತ್ತಿದ್ದ.

"ಬೀಗದ ಕೈ ಎಲ್ಲೋ?"

"ನಮ್ಮೋರಿಗೆ ಅಂತ ಕೊಟ್ಟಿರೋ ರೂಮಲ್ಲಿ ಸಾರ್, ಕಿಟಕಿ ಮೇಲೆ. ಯಾಕೆ ಸಾರ್?"

ಬೀಗದ ಕೈ ತರಿಸಿಕೊಂಡು ಕದರಯ್ಯ ತಾನೇ ಕಾರಿನೊಳಗೆ ಕೂತ. ಎದುರಿಗೆ ಈ ತುದಿಯಿಂದ ಆ ತುದಿಯವರೆಗೆ ಗಾಜಿನ ಹಲಗೆಯಂಥ ಸ್ಕ್ರೀನು. ತಿರುಗಿಸಲಿಕ್ಕೆ ಒಂದು ಗುಂಡಿಯಿಲ್ಲ, ಎಳೆಯಲಿಕ್ಕೆ ಒಂದು ಕಡ್ಡಿಯಿಲ್ಲ. ಆ ಹಲಗೆಯ ನಡುಮಧ್ಯೆ ಮೂರು ಎಳೆ ವಿಭೂತಿ, ನೇರವಾಗಿ, ಅಚ್ಚುಕಟ್ಟಾಗಿ. ಕೆಳಗೆ ವೈರಿಗೆ ಚುಚ್ಚಿದ್ದ ಫೋನು. ವಿಭೂತಿಯ ಅಡಿಯಲ್ಲಿ ಫೋನ್ ಕರೆಗಳ ಚಿತ್ರ ಕಂಡ ಕಡೆ ಕದರಯ್ಯ ಬೆರಳಿಟ್ಟ.

ಕಾರಿಗೆ ದೆವ್ವ ಬಡಿಯಿತು. ರೇಡಿಯೋ ಕಿವಿ ಹರಿಯುವಂತೆ ಕಿರುಚಿತು. ಎ.ಸಿ. ಮುಖಕ್ಕೆ ರಪ್ಪನೆ ಗಾಳಿ ಹೊಡೆಯಿತು. ಮ್ಯಾಪು ತಾನಾಗಿಯೇ ದೇವರಾಯನದುರ್ಗಕ್ಕೆ ದಾರಿ ತೋರಿಸತೊಡಗಿತು.

"ಥೂ ಇದರ ಮನೆ ಹಾಳಾಗ!" ಎಂದು ಕದರಯ್ಯ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಕಡೆಗೂ ಪಟ್ಟಿ ತೆರೆಯಿತು. ಅಪಘಾತದ ಹೊತ್ತಿಗೆ ಸರಿಯಾಗಿ ಒಂದು ಕರೆ ಬಂದಿತ್ತು. ಸುಧಾ.

"ಸುಧಾ ಯಾರ್ಲಾ?"

"ನನ್ ಹೆಂಡ್ತಿ ಸಾರ್." ಸಂತೋಷನ ಮುಖ ಬಿಳಿಚಿಕೊಂಡಿತು. "ಯಾವಾಗ ಮಾಡಿದ್ಲು? ತುಮಕೂರಾಸ್ಪತ್ರೇಲಿ ಅವ್ಳೆ ಸಾರ್, ಹೆರಿಗೆಗೆ!"

ರೂಪಶ್ರೀ ಅವನಿಗೆ ಫೋನ್ ಮಾಡಲು ಬಿಟ್ಟಳು. ಅತ್ತ ಕಡೆ ಅವನ ಅತ್ತೆ. ನೋವು ಶುರುವಾಗಿದೆ, ಮಗು ಅಡ್ಡ ತಿರುಗಿದೆ, ಒಳಗೆ ಕರೆದುಕೊಂಡು ಹೋಗಿದ್ದಾರೆ, ನೀನೆಲ್ಲಿ ಸತ್ತಿದ್ದೀಯ ಎಂದು ಆಕೆ ಕೂಗಿದ್ದು ಕದರಯ್ಯನಿಗೂ ಕೇಳಿಸಿತು.

"ನನ್ನ ಬಿಡಿ ಮೇಡಂ. ನೋಡ್ಕೊಂಡು ನಾನೇ ಠಾಣೆಗೆ ಬರ್ತೀನಿ. ನಮ್ಮವ್ವನಾಣೆ."

"ನೀನು ಗುದ್ದಿಲ್ಲ ಅಂತ ಗೊತ್ತಾದ್ರೆ ಈಗ್ಲೇ ಬಿಡ್ತೀನಿ. ಗುದ್ದಿದ್ರೆ ಆಗಲ್ಲ," ಅಂದಳು ರೂಪಶ್ರೀ. "ಫೋನ್ ಕಾರಲ್ಲಿ ಯಾಕಿತ್ತು?"

"ವೈರು ಚುಚ್ಚಿದ್ರೇ ಅದ್ರಲ್ಲಿ ಮ್ಯಾಪು ಬರೋದು. ವೈರಿಲ್ದೆ ಬರುತ್ತೆ ಅಂತಾರೆ, ಗುಬ್ಬಿ ಸೇರೋದ್ರೊಳಗೆ ಹತ್ಸಲ ಕೈ ಕೊಡುತ್ತೆ. ರಾತ್ರಿಯೆಲ್ಲ ಆಸ್ಪತ್ರೇಲಿದ್ದೆ, ಕಣ್ಣು ಎಳೀತಿತ್ತು. ಗುಬ್ಬಿಯಿಂದ ತಂದ ವೀಳ್ಯದೆಲೆ ಪೆಂಡಿ ಒಳಗಿಟ್ಟು ಹಿಂದಿನ ಜಗಲೀಲಿ ಬಿದ್ಕೊಂಡೆ. ಊಟಕ್ಕೆ ಎಬ್ಬಿಸಿದಾಗ್ಲೇ ಎಚ್ಚರ."

"ನೋಡ್ದೋರು?"

"ಯಾರೂ ಇಲ್ಲ."

ಸರಿಹೋಯಿತು, ಅಂದುಕೊಂಡ ಕದರಯ್ಯ. ಫೋನು ಇವನದು, ಕರೆ ಇವನ ಹೆಂಡತಿಯದು, ಗಾಡಿಗೆ ಡ್ರೈವರೂ ಇವನೇ. ಇನ್ನೇನು ಬೇಕು? ಹುಡುಗ ಪಾಪದವನು, ನಿಜ. ಕಾಲು ಮುರಿದುಕೊಂಡ ಅಣ್ಣಯ್ಯಪ್ಪನೂ ಪಾಪದವನೇ.

ಮೇಡಂ ಮಾತ್ರ ಮನೆಯವರನ್ನು ಒಬ್ಬೊಬ್ಬರಾಗಿ ಮಾತಾಡಿಸಲು ಹೊರಟಳು. ಅದೂ ಎಂಥಾ ಪ್ರಶ್ನೆ! ಕಾರು ಕೊಳ್ಳಲು ಬಂದವಳ ಹಾಗೆ.

"ಆ ದೊಡ್ಡ ಸ್ಕ್ರೀನು ಹೇಗೆ? ಹಿಡಿಸ್ತಾ ನಿಮಗೆ?"

ವೀರಭದ್ರಯ್ಯನವರು ಇದನ್ನು ಯಾರಾದರೂ ಕೇಳಲಿ ಎಂದೇ ಕಾದಿದ್ದರೇನೋ. "ಹಿಡಿಸೋದಾ? ಮನೇ ಟಿ.ವಿ. ಕಿತ್ತು ಕಾರಿಗೆ ಬಡಿದವ್ರೆ! ಎ.ಸಿ. ಕಮ್ಮಿ ಮಾಡ್ಬೇಕಂದ್ರೆ ಒಳಗೊಳಗೇ ಮೂರು ಪುಟ ತಿರುವ್ಬೇಕು. ಹಳೇ ಗಾಡೀಲಿ ಒಂದು ತಿರುಪು ಇತ್ತು, ರಸ್ತೆ ನೋಡ್ಕೊಂಡೇ ತಿರುಗಿಸ್ತಿದ್ದೆ. ಇದನ್ನ ನಾನು ಓಡಿಸೋದೇ ಬಿಟ್ಟಿದೀನಿ, ಬುಡಿ."

"ಮಧ್ಯಾಹ್ನ ಎಲ್ಲಿದ್ರಿ?"

"ಸ್ವಾಮಿಗಳ ಪಾದಪೂಜೆಗೆ ಕೂತಿದ್ದೆ. ವಿಡಿಯೋದವನ್ನ ಕೇಳಿ."

ವಿಡಿಯೋದವನು ತೋರಿಸಿದ. ಅಷ್ಟು ಹೊತ್ತೂ ಯಜಮಾನರು ಮಣೆ ಬಿಟ್ಟು ಎದ್ದಿರಲಿಲ್ಲ.

ಮಗ ಚನ್ನೇಶ್ ಬಡಿಸುತ್ತಿದ್ದೆ ಅಂದ. ಬಡಿಸುವವರು ಇವನನ್ನು ಕಂಡೇ ಇಲ್ಲ ಅಂದರು.

"ಸುಳ್ಳು ಯಾಕೆ?" ಕದರಯ್ಯ ಗದರಿದ.

"ಮಾಳಿಗೆ ಮೇಲೆ ಇಸ್ಪೀಟ್ ಆಡ್ತಿದ್ದೆ. ಅಪ್ಪಂಗೆ ಹೇಳ್ಬೇಡಿ ಸಾರ್, ಪಾದಪೂಜೆ ಹೊತ್ತಲ್ಲಿ ಅಂತ ಸಿಗಿದುಬಿಡ್ತಾರೆ." ಮೇಲೆ ಎಲೆ ಹಿಡಿದು ಕೂತಿದ್ದ ಆರು ಜನ ಹೌದೆಂದರು. ಸ್ಕ್ರೀನಿನ ಬಗ್ಗೆ ಅವನದೂ ದೂರೇ. "ಗೆರೆ ದಾಟಿದ್ರೆ ಬೀಪು, ಬೆಲ್ಟ್ ಬಿಚ್ಚಿದ್ರೆ ಬೀಪು. ಹಿಂದಿನ ಕ್ಯಾಮರಾ ಒಂದು ಚೆನ್ನಾಗಿದೆ."

ಉಳಿದವರು ಯಜಮಾನರ ಹೆಂಡತಿ ಗಂಗಾಂಬಿಕೆ. ರೂಮಿನಲ್ಲಿ ಚಾಪೆಯ ಮೇಲೆ ಕೂತಿದ್ದರು. ಅರವತ್ತರ ಹತ್ತಿರ ವಯಸ್ಸು, ಹಣೆ ತುಂಬ ವಿಭೂತಿ. ಇವರನ್ನೇನು ಕೇಳುವುದು ಎಂದು ಕದರಯ್ಯ ಬಾಗಿಲಲ್ಲೇ ನಿಂತ.

"ಅಮ್ಮಾ, ಸ್ಕ್ರೀನಿಗೆ ವಿಭೂತಿ ಇಡೋರು ನೀವೇನಾ?"

"ಹ್ಞೂಂ ಕಣಮ್ಮ. ಪ್ರತಿ ಸೋಮವಾರ. ಗಟ್ಟೀನ ನೀರಲ್ಲಿ ತೇದು ಇಡ್ತೀನಿ. ಸ್ಟೇರಿಂಗ್ ತುಂಬ ಬರೀ ಬಟನ್ನು, ಇನ್ನೆಲ್ಲಿಡ್ಲಿ? ಕಾರಿಗೆ ಹಣೆ ಅಂದ್ರೆ ಅದೇ ಅಲ್ವಾ?"

"ಇವತ್ತು?"

"ಬೆಳಗ್ಗೆ ಮನೇಲಿ ಇಟ್ಟೆ. ಸಂತೋಷ ಕಾರಲ್ಲಿ ಗುಬ್ಬಿಗೆ ವೀಳ್ಯದೆಲೆ ತರಕ್ಕೆ ಹೋದ. ನಾವೆಲ್ಲ ವ್ಯಾನಲ್ಲಿ ಬಂದ್ವಿ."

"ಆಮೇಲೆ ಕಾರನ್ನ ನೋಡಿದ್ರಾ?"

"ಇಲ್ವಲ್ಲ. ಪೂಜೆ ಮಾಡ್ಕೊಂಡು ಇಲ್ಲೇ ಮಲ್ಕೊಂಡಿದ್ದೆ."

ಹೊರಗೆ ಬಂದ ಮೇಲೆ ರೂಪಶ್ರೀ ಸಂತೋಷನನ್ನು ಗೋಡೆ ಬದಿಗೆ ಕರೆದಳು. "ಆ ವಿಭೂತಿ ಇಟ್ಕೊಂಡು ಗಾಡಿ ಹೇಗಪ್ಪಾ ಓಡಿಸ್ತೀಯ? ನಮ್ ಕದರಯ್ಯ ಮುಟ್ಟಿದ್ದಕ್ಕೇ ಹುಚ್ಚು ಹಿಡಿದ ಹಾಗಾಡ್ತು."

ಸಂತೋಷ್ ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಅಮ್ಮಂಗೆ ಹೇಳ್ಬೇಡಿ. ಹಸಿ ವಿಭೂತಿ ಇದ್ರೆ ಅದು ತಾನೇ ತಾನಾಗಿ ಒತ್ಕೊಳುತ್ತೆ. ಗೇಟು ದಾಟಿದ ತಕ್ಷಣ ಒರೆಸಿಬಿಡ್ತೀನಿ. ವಾಪಸ್ ಹೋಗೋವಾಗ ಒಣಗಿದ್ದು ಪುಡಿ ಹಚ್ತೀನಿ, ಡ್ಯಾಶ್‌ಬೋರ್ಡಲ್ಲಿ ಪೊಟ್ಣ ಇಟ್ಕೊಂಡಿದೀನಿ. ಅವ್ರ ಮನಸ್ಸಿಗೆ ಯಾಕೆ ನೋವು ಅಂತ."

"ಇವತ್ತು?"

"ಬೆಳಗ್ಗೇನೇ ಒರೆಸ್ದೆ. ಇನ್ನೂ ಹಚ್ಚಿಲ್ಲ. ಹಚ್ಚೋದ್ರೊಳಗೆ ನೀವ್ ಬಂದ್ರಿ."

ಕದರಯ್ಯನಿಗೆ ಆಗಲೂ ಹೊಳೆಯಲಿಲ್ಲ. ಮೇಡಂ ಅವನ ಕಡೆ ತಿರುಗಿ, "ಎಲ್ಲರನ್ನೂ ಆ ರೂಮಿಗೆ ಕರೀರಿ," ಅಂದಳು.

ರೂಮಿನಲ್ಲಿ ಸೆಕೆಯೋ ಸೆಕೆ. ವೀರಭದ್ರಯ್ಯನವರು ಕುರ್ಚಿಯಲ್ಲಿ, ಚನ್ನೇಶ್ ಕಿಟಕಿ ಹತ್ತಿರ, ಗಂಗಾಂಬಿಕೆ ಚಾಪೆಯ ಮೇಲೆ. ಸಂತೋಷ್ ಬಾಗಿಲಿಗೆ ಒರಗಿ ಫೋನು ಹಿಡಿದುಕೊಂಡಿದ್ದ. ತುಮಕೂರಿನಿಂದ ಮತ್ತೆ ಸುದ್ದಿಯಿರಲಿಲ್ಲ.

"ಸಂತೋಷ್, ವಿಭೂತಿ ವಿಷಯ ಹೇಳು," ಅಂದಳು ರೂಪಶ್ರೀ.

"ಮೇಡಂ—"

"ಹೇಳು."

ಅವನು ನೆಲ ನೋಡುತ್ತಾ ಹೇಳಿದ. ಪ್ರತಿ ಸೋಮವಾರ ಒರೆಸುವುದು, ಸಂಜೆ ಪುಡಿ ಹಚ್ಚುವುದು, ಇವತ್ತೂ ಒರೆಸಿದ್ದು. ವೀರಭದ್ರಯ್ಯನವರು ಕುರ್ಚಿಯಿಂದ ಅರ್ಧ ಎದ್ದರು. "ಏನ್ಲೇ! ಪೂಜೆ ಮಾಡಿದ್ದನ್ನ ಒರೆಸ್ತಿದ್ಯಾ?" ಚನ್ನೇಶ್ ಬಾಯಿ ಬಿಟ್ಟು ನೋಡಿದ.

ಗಂಗಾಂಬಿಕೆ ಮಾತ್ರ ತುಟಿ ಎರಡು ಮಾಡಲಿಲ್ಲ.

"ನಿಮಗೆ ಸಿಟ್ಟು ಬರ್ಲಿಲ್ವಾ ಅಮ್ಮಾ?" ರೂಪಶ್ರೀ ಮೆಲ್ಲಗೆ ಕೇಳಿದಳು. "ಎಲ್ಲರಿಗಿಂತ ಮೊದಲು ನೀವು ಬೈಬೇಕಿತ್ತು. ಬೈಲಿಲ್ಲ. ಯಾಕಂದ್ರೆ ಇದು ನಿಮಗೆ ಹೊಸ ಸುದ್ದಿ ಅಲ್ಲ. ಸ್ಕ್ರೀನು ಬರಿದಾಗಿದ್ದನ್ನ ನೀವು ಮಧ್ಯಾಹ್ನವೇ ಕಂಡಿದ್ರಿ."

"ಅವ್ರು ಕಾರು ನೋಡೇ ಇಲ್ಲ ಅಂದ್ರಲ್ಲ ಮೇಡಂ," ಅಂದ ಕದರಯ್ಯ.

"ಕದರಯ್ಯ, ನಿಮ್ಮ ಪ್ಯಾಂಟು ನೋಡ್ಕೊಳಿ."

ಕದರಯ್ಯ ಬಗ್ಗಿ ನೋಡಿದ. ತೊಡೆಯ ಮೇಲೆ ಖಾಕಿಗೆ ಬೆಳ್ಳಗೆ ಅಂಟಿಕೊಂಡು ಒಣಗಿದ ಬೆರಳಿನ ಗುರುತು.

"ನೀವು ಮುಟ್ಟಿದಾಗ ಅದು ಹಸಿಯಾಗಿತ್ತು. ಬೆಳಗ್ಗೆ ಇಟ್ಟದ್ದು ಈ ಬಿಸಿಲಿಗೆ ಯಾವಾಗ್ಲೋ ಒಣಗಿರ್ಬೇಕು. ಸಾಲದ್ದಕ್ಕೆ ಸಂತೋಷ್ ಅದನ್ನ ಒರೆಸಿಯೂ ಆಗಿತ್ತು. ಅವನ ಹತ್ರ ಇರೋದು ಪುಡಿ, ಹಸೀದು ಇಟ್ರೆ ಸ್ಕ್ರೀನು ಕೆಡುತ್ತೆ ಅಂತ ಅವನಿಗೇ ಗೊತ್ತು. ಹಾಗಿದ್ರೆ ನಾವು ಬರೋಕೆ ಸ್ವಲ್ಪ ಮೊದಲು ಅದನ್ನ ತೇದು ಇಟ್ಟವರು ಯಾರು? ಚನ್ನೇಶ್‌ಗೆ ಸ್ಕ್ರೀನು ಬರಿದಾಗಿದ್ದರೂ ಗಮನ ಹೋಗಲ್ಲ. ಯಜಮಾನರು ಮಣೆ ಬಿಟ್ಟು ಏಳಲಿಲ್ಲ. ಇನ್ನೊಂದು ಮಾತು. ಸುಧಾಳ ಕರೆಯನ್ನ ಯಾರೋ ಕಟ್ ಮಾಡಿದ್ದಾರೆ, ಇವನ ಫೋನಲ್ಲಿ ನೋಡಿದೆ. ಹೆಂಡತಿ ಹೆರಿಗೆಗೆ ಕಾಯ್ತಿರೋನು ಅವಳ ಕರೆ ಕಟ್ ಮಾಡ್ತಾನಾ? ಗಾಡಿ ಓಡಿಸಿದ್ದು ಗಂಗಾಂಬಿಕೆಯವರು."

ಕದರಯ್ಯನಿಗೆ ನಾಚಿಕೆಯಾಯಿತು. ಹೆಂಗಸು, ವಯಸ್ಸಾದವರು, ಪೂಜೆಯವರು ಅಂತ ಅವರನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಅಮ್ಮ? ಅಮ್ಮಂಗೆ ಸೈಕಲ್ಲೂ ಬರಲ್ಲ!" ಅಂದ ಚನ್ನೇಶ್.

ಗಂಗಾಂಬಿಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಅಳಲಿಲ್ಲ.

"ಬರುತ್ತೆ," ಅಂದರು. "ಭಜನೆಗೆ ಅಂತ ಹೇಳಿ ಡ್ರೈವಿಂಗ್ ಸ್ಕೂಲಿಗೆ ಹೋಗ್ತಿದ್ದೆ. ಲೈಸೆನ್ಸೂ ಐತೆ. ಕೇಳಿದ್ರೆ ಇವ್ರು ನಗ್ತಾರೆ, ಅದಕ್ಕೆ ಹೇಳ್ಲಿಲ್ಲ. ಈ ಕಾರಿಗೆ ಕ್ಲಚ್ಚಿಲ್ಲ, ಗೇರಿಲ್ಲ. ಮಾರ್ಕೋನಹಳ್ಳಿ ಕಟ್ಟೆ ತನಕ ಒಬ್ಳೇ ಹೋಗಿ ಬರೋಣ ಅನ್ನಿಸ್ತು. ಮ್ಯಾಪಲ್ಲಿ ಒಬ್ಳು ಮಾತಾಡ್ತಾಳಲ್ಲ, ದಾರಿ ತಪ್ಪಿದ್ರೂ ಬೈಯಲ್ಲ ಅವ್ಳು. ಇನ್ನೊಂದು ದಾರಿ ಹೇಳ್ತಾಳೆ. ಎಷ್ಟು ಖುಷಿಯಾಯ್ತು ಗೊತ್ತಾ ನಂಗೆ? ಬರೋವಾಗ ಇದ್ದಕ್ಕಿದ್ದಂಗೆ ಕಾರೆಲ್ಲ ಫೋನು ಹೊಡ್ಕೊಳ್ಳಕ್ಕೆ ಶುರುವಾಯ್ತು. ಮ್ಯಾಪು ಮಾಯ, ಸುಧಾ ಅಂತ ದೊಡ್ಡಕ್ಷರ. ಕೆಂಪು ಒತ್ತೋಣ ಅಂತ ರಸ್ತೆ ಬಿಟ್ಟು ಅದನ್ನ ನೋಡ್ದೆ. ಆಗ್ಲೇ ತಗುಲ್ತು."

"ಇಳೀಲಿಲ್ಲ ಯಾಕೆ?"

"ಗದ್ದೆಯಿಂದ ಹೆಂಗಸು ಓಡಿ ಬಂದಿದ್ದು ಕಾಣ್ತು. ಅವ್ರು ನೋಡ್ಕೋತಾರೆ ಅಂದ್ಕೊಂಡೆ. ಹೆದ್ರಿಕೆ ಆಯ್ತು ಕಣಮ್ಮ. ವಿಭೂತಿ ಅಳಿಸಿದ್ದಕ್ಕೇ ಹಿಂಗಾಯ್ತು ಅಂತ, ನೀವು ಬರೋಕೆ ಸ್ವಲ್ಪ ಮುಂಚೆ ಮತ್ತೆ ಕಾರಿನ ಹತ್ರ ಹೋಗಿ ಬ್ಯಾಗಲ್ಲಿದ್ದ ಗಟ್ಟಿ ತೇದು ಇಟ್ಬಿಟ್ಟೆ. ಇಡ್ದೆ ಇರಕ್ಕಾಗ್ಲಿಲ್ಲ."

"ಇವನನ್ನ ಹಿಡ್ಕೊಂಡಾಗಾದ್ರೂ ಹೇಳ್ಬಹುದಿತ್ತಲ್ಲ?"

ಗಂಗಾಂಬಿಕೆ ಸಂತೋಷನ ಕೈಯಲ್ಲಿದ್ದ ಫೋನಿನ ಕಡೆ ನೋಡಿದರು.

ವೀರಭದ್ರಯ್ಯನವರು ಹೆಂಡತಿಯನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡುತ್ತಿದ್ದರು. ಅಣ್ಣಯ್ಯಪ್ಪನ ಕಾಲಿನ ಬಗ್ಗೆ ಕೇಳಲಿಲ್ಲ, ಜೈಲಿನ ಬಗ್ಗೆ ಕೇಳಲಿಲ್ಲ. "ಲಾರಿ ತುಂಬಿರೋ ಹೆಬ್ಬೂರು ರೋಡಲ್ಲೂ ಓಡಿಸ್ತೀಯಾ?" ಅಂದರು. ಅಂದ ಮೇಲೆ ಅವರಿಗೇ ಹೇಗೋ ಆಗಿ ತಲೆ ತಗ್ಗಿಸಿದರು.

"ಅಮ್ಮಾ, ಠಾಣೆಗೆ ಬರ್ಬೇಕು," ಅಂದಳು ರೂಪಶ್ರೀ. ಗಂಗಾಂಬಿಕೆ ಗೋಡೆ ಹಿಡಿದುಕೊಂಡು ಎದ್ದರು. ಸಂತೋಷನ ಮುಂದೆ ನಿಂತು, "ಸುಧಾ ಹೆಂಗವ್ಳಪ್ಪಾ?" ಅಂದರು.

"ಗೊತ್ತಿಲ್ಲ," ಅಂದ ಅವನು. ಇಷ್ಟು ದಿನ ಸೇರಿಸುತ್ತಿದ್ದ ಅಮ್ಮಾ ಎಂಬ ಮಾತನ್ನು ಸೇರಿಸಲಿಲ್ಲ.

ವೀರಭದ್ರಯ್ಯನವರು ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು. "ಆಗಿದ್ದಾಯ್ತು ಬುಡು. ಈಗ ಆಸ್ಪತ್ರೆಗೆ ಹೋಗು. ಎಲ್ಲಾ ಆದ್ಮೇಲೆ ಕೆಲ್ಸಕ್ಕೆ ಬಾ. ಮನೇಲಿ ಇನ್ನೊಂದು ಗಾಡಿ ಐತಲ್ಲ."

ಸಂತೋಷ್ ಆ ಕೈಯನ್ನು ಮೆಲ್ಲಗೆ ಸರಿಸಿದ.

"ಅಮ್ಮಾವ್ರಿಗೆ ಓಡಿಸಕ್ಕೆ ಬರುತ್ತಲ್ಲ ಸಾರ್," ಅಂದ. ತುಮಕೂರಿನ ಬಸ್ಸು ಎಷ್ಟೊತ್ತಿಗೆ ಅಂತ ಕದರಯ್ಯನನ್ನು ಕೇಳಿಕೊಂಡು, ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದು ಓಡಿದ.