ಸ್ಪ್ರಿಂಗ್ ತಿರುಗಿಸುವಾಗ ಮಾತಿಲ್ಲ

ಎರಡೂ ಬದಿ ಮೆಟ್ಟಿಲಿರುವ ಏಣಿಯ ಮೇಲೆ ನಿಂತು, ಗೋದಾಮಿನ ದೊಡ್ಡ ಬಾಗಿಲನ್ನು ಎತ್ತುವ ಸ್ಪ್ರಿಂಗಿನ ತೂತುಗಳಿಗೆ ಎರಡು ಸರಳು ಒಂದಾದ ಮೇಲೊಂದು ಹಾಕಿ ತಿರುಗಿಸುತ್ತಿದ್ದೆ. ಕೆಳಗೆ ಬಂದು ನಿಂತ ಸ್ಟೋರ್‌ಕೀಪರ್ ಗಂಟಲು ಸರಿಮಾಡಿಕೊಂಡ.

"ಅಮ್ಮ ಹುಡುಗಿ ನೋಡಿದಾಳೆ. ಸಂಜೆಯೊಳಗೆ ಹೂಂ ಅನ್ನಬೇಕಂತೆ. ನಂಗೆ ಬೇಕಾಗಿರೋದು ನೀವು."

ಅಯ್ಯೋ ಪುಣ್ಯಾತ್ಮ! ಇದನ್ನು ಹೇಳಲು ಇವನಿಗೆ ಬೇರೆ ಹೊತ್ತೇ ಸಿಗಲಿಲ್ಲವೇ?

ಸುತ್ತಿದ ಸ್ಪ್ರಿಂಗನ್ನು ಹಿಡಿದಿಡುವ ಬೋಲ್ಟ್ ಬಿಗಿಯಾಗುವ ತನಕ ಬಾಯಿ ಬಿಡಬಾರದು, ಅಪ್ಪ ಕಲಿಸಿದ ಕಟ್ಟುನಿಟ್ಟಿನ ನಿಯಮ ಅದು. ಸುತ್ತಿನ ಲೆಕ್ಕ ತಪ್ಪಿದರೆ ಬಾಗಿಲು ಮೇಲೆ ನಿಲ್ಲುವುದಿಲ್ಲ. ಕೈ ತಪ್ಪಿದರೆ ಸರಳು ಮೂಳೆ ಮುರಿಯುತ್ತದೆ.

ಸ್ಪ್ರಿಂಗಿನ ನೆಪದಲ್ಲೇ ಇವನು ನಮ್ಮ ಅಂಗಡಿಗೆ ಬರುತ್ತಿದ್ದ. ಒತ್ತಿದರೆ ತಳ್ಳುವುದು ಬೈಕಿನ ಹಿಂಚಕ್ರಕ್ಕೆ, ಎಳೆದರೆ ವಾಪಸ್ ಎಳೆಯುವುದು ಅದರ ಸ್ಟ್ಯಾಂಡಿಗೆ, ತಿರುಚಿದರೆ ತಿರುಗಿಕೊಳ್ಳುವುದು ಬಾಗಿಲಿಗೆ ಎಂದು ತೋರಿಸಿದ್ದೆ.

"ಇದ್ರಲ್ಲಿ ನೀವು ಯಾವ ಥರ?" ಎಂದಿದ್ದ.

"ಕೆಣಕಿ ನೋಡಿ, ಗೊತ್ತಾಗುತ್ತೆ."

ಅವನು ನಕ್ಕಾಗ ಎಡಗೆನ್ನೆಯಲ್ಲಷ್ಟೇ ಗುಳಿ ಬಿದ್ದಿತ್ತು. ಅಂದಿನಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ, ಹೇಳಿಕೊಳ್ಳಲು ನಾಚಿಕೆಯೇನು!

ಈಗ ಆ ಮುಖದಲ್ಲಿ ನಗುವಿರಲಿಲ್ಲ. "ಏನಾದ್ರೂ ಹೇಳಿ."

ತುಟಿ ಕಚ್ಚಿಕೊಂಡು ಸರಳನ್ನು ಮೇಲಕ್ಕೆ ನೂಕಿದೆ.

"ಬೈಯೋದಕ್ಕೂ ಲಾಯಕ್ಕಿಲ್ವಾ ನಾನು?" ನಾನು ಸುತ್ತು ಎಣಿಸುತ್ತಲೇ ಇದ್ದೆ. "ಸರಿ ಬಿಡಿ, ಅರ್ಥ ಆಯ್ತು."

ಅವನು ಹೊರಟೇಬಿಟ್ಟ. ಎರಡನೇ ಸರಳನ್ನು ತೂತಿಗೆ ಪೂರ್ತಿ ಇಳಿಸದೆ ಅವನ ಬೆನ್ನನ್ನೇ ನೋಡಿದೆ. ಅದು ಜಾರಿ ಠಣ್ಣನೆ ನೆಲಕ್ಕೆ ಬಿತ್ತು. ಸ್ಪ್ರಿಂಗಿನ ಅಷ್ಟೂ ಬಲ ಉಳಿದೊಂದು ಸರಳಿನ ಮೇಲೆ ಬಿತ್ತು. ಎರಡೂ ಕೈಯಲ್ಲಿ ಅದನ್ನು ಅಮುಕಿ ಹಿಡಿದೆ. ಬಿಟ್ಟರೆ ಸೀದಾ ಮುಖಕ್ಕೆ.

"ಏಯ್, ಹೋಗ್ಬೇಡ! ಆ ಸರಳು ತಗೊಂಡು ಮೇಲೆ ಬಾ!"

ಅವನು ಏಣಿಯ ಆಚೆ ಬದಿಯಿಂದ ಹತ್ತಿ ಬಂದ. ನಮ್ಮ ಮುಖಗಳ ನಡುವೆ ಒಂದು ಗೇಣೂ ಇರಲಿಲ್ಲ.

"ಪಕ್ಕದ ತೂತಿಗೆ ಹಾಕು. ಪೂರ್ತಿ ಒಳಗೆ ಹೋಗ್ಲಿ. ಇನ್ನೂ! ಈಗ ಗಟ್ಟಿ ಹಿಡ್ಕೋ. ನೀ ಬಿಟ್ರೆ ನನ್ನ ಕೈ ಹೋಗುತ್ತೆ."

"ಸತ್ರೂ ಬಿಡಲ್ಲ."

ಭಾರ ಅವನ ಕೈಗೆ ಹೋಯಿತು. ಸ್ಪ್ಯಾನರ್ ತೆಗೆದು ಬೋಲ್ಟ್ ಬಿಗಿದೆ. ಸುತ್ತಿನ ಲೆಕ್ಕ ಯಾವಾಗಲೋ ಮರೆತುಹೋಗಿತ್ತು. ನಾಳೆ ಎಲ್ಲ ಬಿಚ್ಚಿ ಮೊದಲಿಂದ ಸುತ್ತಬೇಕು.

"ಆಯ್ತು, ಬಿಡು."

ಅವನು ಬಿಡಲಿಲ್ಲ. ಹಣೆಯಿಂದ ಬೆವರು ಕಣ್ಣಿಗೆ ಇಳಿಯುತ್ತಿತ್ತು.

"ಬೋಲ್ಟ್ ಕೂತಿದೆ ಕಣೋ, ಬಿಡು! ಅಮ್ಮನಿಗೆ ಫೋನ್ ಮಾಡು."

ಅವನ ಮುಖ ಬಾಡಿತು. "ಹೂಂ ಅನ್ನಲಾ?"

"ಮಾಡಿ ನನ್ನ ಕೈಗೆ ಕೊಡು. ನಿನ್ನ ನಂಬಿಕೊಂಡ್ರೆ ಬೇರೆಯವಳಿಗೆ ತಾಳಿ ಕಟ್ಟಿ ಬಂದು ಸಾರಿ ಅಂತೀಯ."

ಅವನು ಡಯಲ್ ಮಾಡಿ ಕೊಟ್ಟ ಫೋನನ್ನು ಕಿವಿಗಿಟ್ಟೆ. ಆ ಕಡೆಯಿಂದ ಗಡಸು ದನಿ ಕೇಳಿತು: "ಏನೋ, ಹೂಂ ಅಂತೀಯೋ ಇಲ್ವೋ?"

"ಇಲ್ಲವಂತೆ, ಅತ್ತೆ," ಎಂದೆ.