ಕತ್ತರಿ ಮೇಷ್ಟ್ರಿಗೆ ಕತ್ತೆ ಕಿವಿ

"ನಿಮಗೆ ಚಿಕ್ಕ ಸಾಫ್ಟ್‌ವೇರೇ ಸಾಕು. ದೊಡ್ಡದು ಬೇಡ."

ಅಷ್ಟೇ! ಅಷ್ಟೇ ಅವನು ಅಂದದ್ದು. ಆದರೆ ಫೋಟೋ ಕ್ಲಬ್ಬಿನ ತುಂಬಿದ ಕೋಣೆಯಲ್ಲಿ, ಎಲ್ಲರ ಕಿವಿಗೂ ಬೀಳುವ ಹಾಗೆ ಅಂದುಬಿಟ್ಟ. ನಮ್ಮ ಹುಡುಗಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಈಗ ಅದು ಮೂಗು ಬಿಟ್ಟು ನೆತ್ತಿಗೇರಿತು.

"ಅಂದ್ರೆ? ದೊಡ್ಡದು ಕಲಿಯೋ ಯೋಗ್ಯತೆ ನನಗಿಲ್ವಾ?"

"ಹಾಗಲ್ಲ... ಅದು..." ಎಂದು ಅವನು ತೊದಲಿದ.

ಅವನಿಗೆ ಕ್ಲಬ್ಬಿನವರು ಇಟ್ಟ ಹೆಸರು ಕತ್ತರಿ ಮೇಷ್ಟ್ರು. ವಾರವಿಡೀ ಪ್ರಿಂಟಿಂಗ್ ಸ್ಟುಡಿಯೋದಲ್ಲಿ ಬೇರೆಯವರ ಫೋಟೋ ತಿದ್ದುವುದು, ಭಾನುವಾರ ಇಲ್ಲಿ ಬಂದು ಪಾಠ ಹೇಳುವುದು. ಯಾರು ಯಾವ ಫೋಟೋ ತೋರಿಸಿದರೂ "ಇಲ್ಲಿ ಸ್ವಲ್ಪ ಕತ್ತರಿಸಿ" ಅನ್ನುತ್ತಿದ್ದ. ನಮ್ಮ ಹುಡುಗಿಯೋ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಬಿಡುವಾದಾಗ ಅಂಗಡಿಗಳಲ್ಲಿ ಮಲಗಿರುವ ಬೆಕ್ಕುಗಳ ಫೋಟೋ ತೆಗೆಯುವುದು ಅವಳ ಹುಚ್ಚು. ಅವತ್ತು ಅವಳು ಕೇಳಿದ್ದು ಇಷ್ಟೇ: ಹವ್ಯಾಸಕ್ಕೆ ಫೋಟೋ ತಿದ್ದುವ ಸಾಮಾನ್ಯ ಸಾಫ್ಟ್‌ವೇರ್ ಸಾಕೋ, ವೃತ್ತಿಪರರದ್ದು ಬೇಕೋ?

'ಸಾಕಂತೆ! ಇವನ್ಯಾರು ನನ್ನ ಅಳತೆ ತೆಗೆಯೋಕೆ?' ದಾರಿಯುದ್ದಕ್ಕೂ ಅವಳ ಮನಸ್ಸು ಕುದಿಯಿತು.

ಮನೆಗೆ ಬಂದವಳೇ ದೊಡ್ಡದನ್ನೇ ಕೊಂಡಳು.

"ನಿನ್ನ ಹಳೇದರಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡೋದು, ಅಂಚು ಕತ್ತರಿಸೋದು ಎಲ್ಲಾ ಇತ್ತಲ್ಲೇ?" ಎಂದಳು ಅಕ್ಕ.

"ಇತ್ತು. ಆದ್ರೆ ಮರ್ಯಾದೆ ಇರಲಿಲ್ಲ!"

ತೆರೆದು ನೋಡಿದರೆ... ಅಯ್ಯೋ ದೇವರೇ! ಎಡಗಡೆ ಗುಂಡಿ, ಬಲಗಡೆ ಗುಂಡಿ, ಒಂದು ಒತ್ತಿದರೆ ಅದರ ಹೊಟ್ಟೆಯಿಂದ ಇನ್ನಷ್ಟು ಗುಂಡಿ. ಡಾಕ್ಟರು ಕೈ ಚಾಚುವ ಮೊದಲೇ ಸರಿಯಾದ ಚಿಮಟ ಎತ್ತಿಕೊಡುವ ಜಾಣೆ ಇಲ್ಲಿ ಬರೀ ಬೆಳಕು ಹೆಚ್ಚಿಸಲು ಹೋಗಿ ಬೆಕ್ಕನ್ನು ನೇರಳೆ ಮಾಡಿಬಿಟ್ಟಳು.

"ಪಾಪ, ಇದಕ್ಕೇನು ಕಾಯಿಲೆ?" ಅಕ್ಕ ಬಗ್ಗಿ ನೋಡಿ ಕೇಳಿದಳು.

ಸೋಲೊಪ್ಪಲು ಅವಳೇನು ಸಾಮಾನ್ಯದವಳೇ? ಆ ಸಾಫ್ಟ್‌ವೇರಿನಲ್ಲಿ ಚಿತ್ರದ ಮೇಲೆ ಚಿತ್ರವನ್ನು ಪದರ ಪದರವಾಗಿ ಜೋಡಿಸಬಹುದು ಎಂದು ಕಲಿತಳು. ಒಂದೊಂದು ಪದರದ ಪಕ್ಕದಲ್ಲೂ ಒಂದು ಪುಟ್ಟ ಕಣ್ಣಿನ ಗುರುತು. ಅದನ್ನು ಮುಚ್ಚಿದರೆ ಪದರ ಕಾಣುವುದಿಲ್ಲ, ಆದರೆ ಫೈಲಿನಲ್ಲೇ ಇರುತ್ತದೆ. ಅಭ್ಯಾಸಕ್ಕೆ ಒಬ್ಬ ಮನುಷ್ಯನನ್ನು ಕತ್ತರಿಸಿ ಬೆಕ್ಕಿನ ಫೋಟೋದೊಳಗೆ ಕೂರಿಸಬೇಕಿತ್ತು. ಕ್ಲಬ್ಬಿನ ಗುಂಪು ಫೋಟೋ ಕೈಗೆ ಸಿಕ್ಕಿತು. ಯಾರನ್ನು ಕತ್ತರಿಸಿದಳು ಅಂತ ನಿಮಗೆ ಬೇರೆ ಹೇಳಬೇಕೇ?

ಮೊದಲು ಅವನ ತಲೆಗೆ ಒಂದು ಜೊತೆ ಕತ್ತೆ ಕಿವಿ ಅಂಟಿಸಿದಳು. ಹೊಟ್ಟೆ ತಣ್ಣಗಾಯಿತು. ಆದರೆ ಅವನ ಗುಂಗುರು ಕೂದಲು ಸರಿಯಾಗಿ ಕತ್ತರಿಸಲು ಬರಲೇ ಇಲ್ಲ.

ಭಾನುವಾರ ಬಿಗಿದ ಮುಖದಲ್ಲೇ ಅವನ ಮುಂದೆ ನಿಂತಳು. "ನನ್ನ ಸ್ನೇಹಿತೆಗೊಂದು ಸಂಶಯ. ಗುಂಗುರು ಕೂದಲನ್ನ ಹಿನ್ನೆಲೆಯಿಂದ ಬಿಡಿಸೋದು ಹೇಗೆ?"

ಅವನು ತುಟಿಯಂಚಿನಲ್ಲೇ ನಕ್ಕ. "ನಿಮ್ಮ ಸ್ನೇಹಿತೆ ದೊಡ್ಡ ಸಾಫ್ಟ್‌ವೇರ್ ತಗೊಂಡ್ರಾ?"

"ಹೂಂ. ಅವಳು ಭಾರೀ ಬುದ್ಧಿವಂತೆ."

"ಹಾಗಾದ್ರೆ ಅವರಿಗೆ ಹೇಳಿ... ಅವಸರ ಮಾಡಬೇಡಿ ಅಂತ. ಹತ್ತಿರ ತಂದು, ಒಂದೊಂದೇ ಎಳೆ ನೋಡ್ಕೊಂಡು ಬಿಡಿಸಬೇಕು."

ಎಷ್ಟು ಮೆಲ್ಲಗೆ ಹೇಳಿದ! ಮನೆಗೆ ಹೋಗಿ ಹಾಗೇ ಮಾಡಿದಳು. ಒಂದೊಂದೇ ಎಳೆ ನೋಡುತ್ತಾ ಕೂತವಳಿಗೆ ಅವನ ಕಣ್ಣೂ ಕಂಡಿತು, ಕೆನ್ನೆಯ ಗುಳಿಯೂ ಕಂಡಿತು. 'ಮುಖವೇನೂ ಪರವಾಗಿಲ್ಲ... ಮಾತೇ ಸರಿಯಿಲ್ಲ' ಅಂದುಕೊಂಡಳು. ಕತ್ತೆ ಕಿವಿಯ ಪದರದ ಕಣ್ಣು ಮುಚ್ಚಿದಳು. ಆಮೇಲೆ, ಯಾಕೋ ಏನೋ, ತನ್ನದೊಂದು ಫೋಟೋ ಕತ್ತರಿಸಿ ತಂದು ಅವನ ಪಕ್ಕ ನಿಲ್ಲಿಸಿದಳು.

ನೋಡಿದರೆ... ಜೋಡಿ ಚೆನ್ನಾಗಿಯೇ ಇತ್ತು!

'ಛೀ, ನನ್ನನ್ನ ದಡ್ಡಿ ಅಂದುಕೊಂಡಿರೋನ ಪಕ್ಕ ನಾನ್ಯಾಕೆ ನಿಲ್ಲಲಿ?' ಇಬ್ಬರ ಪದರಕ್ಕೂ ಕಣ್ಣು ಮುಚ್ಚಿದಳು. ಅಳಿಸಲು ಮಾತ್ರ ಕೈ ಬರಲಿಲ್ಲ. ಇಷ್ಟವಾದದ್ದು ನಿಜ, ಆದರೆ ತನ್ನನ್ನು ಕೀಳಾಗಿ ಕಂಡವನು ಇಷ್ಟವಾಗಿಬಿಟ್ಟನಲ್ಲ ಎಂಬುದೇ ಅವಳ ಸಂಕಟ.

ಕ್ಲಬ್ಬಿನ ಪ್ರದರ್ಶನ ಹತ್ತಿರ ಬಂತು. ದರ್ಜಿ ಅಂಗಡಿಯಲ್ಲಿ ಮಡಿಸಿಟ್ಟ ಬಟ್ಟೆಯ ಮೇಲೆ ಮಲಗಿದ ಅದೇ ಬೆಕ್ಕಿನ ಫೋಟೋವನ್ನು ಅವಳು ಆರಿಸಿದಳು. ನೇರಳೆ ಬಣ್ಣ ತೆಗೆದು, ಉಳಿಸಿ, ಪ್ರಿಂಟಿಗೆಂದು ಅವನ ಸ್ಟುಡಿಯೋಗೇ ಕಳಿಸಿದಳು. ಹಳೆಯ ಸಾಫ್ಟ್‌ವೇರಿನಲ್ಲಿ ಉಳಿಸಿದರೆ ಕಾಣುವ ಚಿತ್ರವಷ್ಟೇ ಹೋಗುತ್ತಿತ್ತು. ಇದರಲ್ಲಿ ಪದರಗಳನ್ನು ಒಂದಾಗಿಸದೆ ಕಳಿಸಿದರೆ ಎಲ್ಲವೂ ಜೊತೆಗೇ ಹೊರಡುತ್ತವೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ?

ಮರುದಿನ ಮಧ್ಯಾಹ್ನ ಫೋನು ಬಂತು. "ಸ್ವಲ್ಪ ಸ್ಟುಡಿಯೋಗೆ ಬರ್ತೀರಾ? ನಿಮ್ಮ ಫೈಲಿನಲ್ಲಿ... ಮುಚ್ಚಿಟ್ಟ ಪದರಗಳಿವೆ. ಪ್ರಿಂಟಿಗೆ ಮುಂಚೆ ಎಲ್ಲಾ ತೆರೆದು ನೋಡೋದು ನಮ್ಮ ಪದ್ಧತಿ."

'ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡೆನಲ್ಲಾ!' ಓಡೋಡಿ ಹೋದಳು.

ಗೋಡೆಯಗಲದ ಪರದೆಯ ಮೇಲೆ ಬೆಕ್ಕು ಮಲಗಿತ್ತು. ಹಿಂದೆ ಅವನು, ಕತ್ತೆ ಕಿವಿ ಸಮೇತ! ಅವನ ಪಕ್ಕದಲ್ಲಿ ನಗುತ್ತಾ ಅವಳು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

"ಈ ಕಿವಿ..." ಅವನು ಗಂಭೀರವಾಗಿ ಕೇಳಿದ, "ನಿಮ್ಮ ಸ್ನೇಹಿತೆ ಹಾಕಿದ್ದಾ?"

"ನಾನೇ ಹಾಕಿದ್ದು!" ನಾಚಿಕೆ, ಸಿಟ್ಟು, ಅಳು ಎಲ್ಲಾ ಒಟ್ಟಿಗೆ ನುಗ್ಗಿ ಬಂದವು. "ನೀವು ನನ್ನನ್ನ ದಡ್ಡಿ ಅಂದ್ರಲ್ಲ, ಅದಕ್ಕೆ!"

"ನಾನಾ? ಯಾವಾಗ?"

"ಚಿಕ್ಕದೇ ಸಾಕು ಅಂದ್ರಲ್ಲ! ಎಲ್ಲರ ಮುಂದೆ!"

ಅವನು ಪೆಚ್ಚಾದ. "ನಿಮ್ಮ ಬೆಕ್ಕುಗಳನ್ನ ನೋಡಿ ಹಾಗಂದೆ ಕಣ್ರೀ. ನಾನು ದಿನಾ ಬೇರೆಯವರ ತಪ್ಪು ತಿದ್ದಿ ತಿದ್ದಿ ಸಾಕಾಗಿರೋನು. ನಿಮ್ಮದರಲ್ಲಿ ತಿದ್ದೋಕೆ ಏನೂ ಇರಲಿಲ್ಲ. ಅದನ್ನ ಹೇಳೋಕೆ ಹೊರಟೆ, ನೀವು ಕಣ್ಣು ದೊಡ್ಡದು ಮಾಡಿ ನೋಡಿದ್ರಿ... ನನ್ನ ನಾಲಿಗೇನೇ ಏಳಲಿಲ್ಲ."

ಅವಳದು ಎಷ್ಟು ದಿನದ ಸಿಟ್ಟು! ಎಲ್ಲಾ ದಂಡವಾಯಿತಲ್ಲ!

"ಹಾಗಿದ್ರೆ... ಈ ಚಿತ್ರದಲ್ಲಿ?" ಮೆಲ್ಲಗೆ ಕೇಳಿದಳು. "ಇದರಲ್ಲೂ ತಿದ್ದೋಕೆ ಏನಿಲ್ವಾ?"

ಅವನು ಕಿವಿಯ ಪದರವನ್ನು ಮುಚ್ಚಿದ. ಉಳಿದವರಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದ.

"ಇದೆ. ಕೂದಲು ಚೆನ್ನಾಗಿ ಬಿಡಿಸಿದೀರಿ. ಆದ್ರೆ ನನ್ನ ಮುಖಕ್ಕೆ ಬಲಗಡೆ ಬೆಳಕು, ನಿಮಗೆ ಎಡಗಡೆ. ನೋಡಿದ ತಕ್ಷಣ ಗೊತ್ತಾಗುತ್ತೆ, ಇವರಿಬ್ಬರೂ ಒಂದೇ ಕಡೆ ನಿಂತೇ ಇಲ್ಲ ಅಂತ."

"ಸರಿ ಮಾಡೋಕಾಗಲ್ವಾ?"

"ಎಷ್ಟು ದೊಡ್ಡ ಸಾಫ್ಟ್‌ವೇರ್ ಇದ್ರೂ ಆಗಲ್ಲ." ಅವನು ಪರದೆ ಬಿಟ್ಟು ಅವಳ ಕಡೆ ತಿರುಗಿದ. "ಇಬ್ಬರೂ ನಿಜವಾಗ್ಲೂ ಜೊತೆಗೆ ನಿಲ್ಲಬೇಕಾಗುತ್ತೆ. ನಿಮಗೆ... ಒಪ್ಪಿಗೆ ಇದ್ರೆ."

ಕಣ್ಣು ತುಂಬಿಕೊಂಡೇ ಅವಳು ನಕ್ಕುಬಿಟ್ಟಳು. ಬಾಗಿಲು ತೆರೆದು, ಹೊರಗಿನ ಬಿಸಿಲಿನಲ್ಲಿ ಹೋಗಿ ನಿಂತಳು. ಮೇಜಿನ ಕಾಲಿಗೆ ಎಡವಿ ಅವನೂ ಹಿಂದೆಯೇ ಓಡಿದ. ಫೋನು ಹಿಡಿದು ಕೈ ಚಾಚಿದ.

"ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಇಬ್ಬರೂ ಫ್ರೇಮಿನಲ್ಲಿ ಹಿಡಿಸ್ತಿಲ್ಲ."

ಅವಳು ಫೋನಿನ ಪರದೆ ನೋಡಿದಳು. "ಸುಳ್ಳು! ಇಬ್ಬರೂ ಆರಾಮಾಗಿ ಹಿಡಿಸಿದೀವಿ."

"ಗೊತ್ತು," ಅಂದ ಅವನು.

ಅವಳು ಹತ್ತಿರ ಸರಿದಳು.