ತಾನೇ ಉಸಿರಾಡುವ ಗಾಡಿ

"ನಿನ್ನಿ ಸಂಜಿಕ ನಮ್ಮ ಗಾಡಿ ಹೊಡಕೊಂಡು ನಾಗಾವಿ ಕಡಿ ಬಂದಿದ್ರಿ. ಖರೆ ಹೇಳ್ರಿ."

ಬೆಟಗೇರಿಯ ಗ್ಯಾರೇಜಿನ ಬಾಗಿಲಲ್ಲಿ ನಿಂತು ರಂಜನಾ ಕೇಳಿದಳು. ಬಿಸಿಲಿಗೆ ಕೆಂಪಾದ ಮುಖ, ಹೆಗಲಿಗೆ ಆಫೀಸಿನ ಬ್ಯಾಗು, ಕಣ್ಣಲ್ಲಿ ಸಿಟ್ಟು.

ಮೌನೇಶ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಎದ್ದು ನಿಂತ. "ಇಲ್ರಿ ಮೇಡಮ್ಮರ."

"ಸುಳ್ಳ ಹೇಳಬ್ಯಾಡ್ರಿ. ಮೂರು ದಿನ ಆತು, ಐದೂವರಿಗೆ ಸರಿಯಾಗಿ ನಮ್ಮ ಆಫೀಸಿನ ಮುಂದ ಹಾದು ಹೋಗ್ತೈತಿ. ಒಂಬತ್ತು ವರ್ಷ ಕೇಳಿದ ಶಬ್ದ ಅದು. ನನಗ ಗುರ್ತು ಹತ್ತೂದಿಲ್ಲೇನು?"

ಅವನು ಅವಳನ್ನು ಒಳಗೆ ಕರೆದುಕೊಂಡು ಹೋದ. ಕಪ್ಪು ಬಣ್ಣದ ಹಳೆಯ ಹೋಂಡಾ ಸಿಟಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಎಂಜಿನ್ ಇರಬೇಕಾದ ಜಾಗ ಖಾಲಿ. ಎಂಜಿನ್ ಮೇಜಿನ ಮೇಲಿತ್ತು, ಅದರ ನಾಲ್ಕು ಪಿಸ್ಟನ್‌ಗಳು ಪಕ್ಕದ ಪೇಪರಿನ ಮೇಲೆ ಸಾಲಾಗಿ ಮಲಗಿದ್ದವು.

"ಬಿಚ್ಚಿ ನಾಕು ದಿನ ಆತ್ರಿ," ಎಂದ ಮೌನೇಶ.

ರಂಜನಾ ಖಾಲಿ ಸಿಲಿಂಡರಿನೊಳಗೆ ಬೆರಳಿಟ್ಟು ನೋಡಿದಳು. ತಣ್ಣಗಿತ್ತು. ಅವಳ ಸಿಟ್ಟು ಇಳಿದುಹೋಯಿತು, ಅದರ ಜಾಗಕ್ಕೆ ಬೇರೇನೋ ಬಂತು.

"ಹಂಗಾದ್ರ ಅದು ಏನ್ರಿ?"

"ನಾನೂ ಕೇಳೇನ್ರಿ," ಅವನು ಕಣ್ಣು ತಗ್ಗಿಸಿದ. "ಮೊನ್ನಿ ಶಿರಹಟ್ಟಿಯಿಂದ ಬರ್ತಿದ್ದೆ. ಹಿಂದಿನಿಂದ ಬಂತು. ದಾರಿ ಬಿಟ್ಟೆ. ಯಾವ ಗಾಡೀನೂ ನನ್ನ ದಾಟಲಿಲ್ಲ."

ಗಾಡಿ ಅವಳ ಗಂಡ ಸುನಿಲಕುಮಾರನದು. ಬೆಟಗೇರಿಯ ನೇಕಾರರ ಮನೆಯ ಮಗ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆ ಸೀರೆ ಒಯ್ದು ಕೊಡುತ್ತಿದ್ದ. ಅವನಿಗಿದ್ದದ್ದು ಒಂದೇ ಹುಚ್ಚು, ಈ ಕಾರು. ಗೆಳೆಯರೆಲ್ಲ ಟರ್ಬೊ ಗಾಡಿ ಕೊಂಡರೂ ಇವನು ಕೊಳ್ಳಲಿಲ್ಲ. "ಟರ್ಬೊ ಅಂದ್ರ ಯಾರೋ ಬಾಯಿಗೆ ಪಂಪ್ ಹಚ್ಚಿ ಗಾಳಿ ತುಂಬಿದಂಗ. ನಮ್ದು ತಾನ ಉಸರು ತಗೊಂಡು ಓಡ್ತೈತಿ," ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ ಒಂದು ಸಂಜೆ ಆರಕ್ಕೆ ಬೆಳ್ಳಟ್ಟಿ ರಸ್ತೆಯಲ್ಲಿ ಅವನ ಎದೆಬಡಿತ ನಿಂತಿತು. ಅದಕ್ಕೂ ಮೊದಲು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಿದ್ದ. ಜನ ನೋಡಿದಾಗ ಅವನ ಮೈ ತಣ್ಣಗಾಗಿತ್ತು. ಎಂಜಿನ್ ಇನ್ನೂ ಓಡುತ್ತಿತ್ತು.

ಅಂದಿನಿಂದ ಗಾಡಿ ಮನೆಯ ಮುಂದೆ ಹೊದಿಕೆಯ ಕೆಳಗಿತ್ತು. ಕೊನೆಗೆ ಅತ್ತೆ ಅನ್ನವ್ವನೇ ಹೇಳಿದ್ದಳು: "ಇದನ್ನ ನೋಡ್ಕೋತ ಎಷ್ಟು ದಿನ ಕುಂಡ್ರತಿ? ರಿಪೇರಿ ಮಾಡ್ಸಿ ಮಾರವ್ವ. ನಿನಗಿನ್ನೂ ವಯಸ್ಸೈತಿ."

ಆ ಶಬ್ದ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಭಾನುವಾರ ಸಂಜೆ ರಂಜನಾ, ಮೌನೇಶ ಇಬ್ಬರೂ ಅವನ ಹೊಸ ಕಾರಿನಲ್ಲಿ ಬೆಳ್ಳಟ್ಟಿಯ ಕಡೆ ಹೊರಟರು. ಅದು ಟರ್ಬೊ. ಸಪ್ಪಳವಿಲ್ಲದೆ ಓಡುತ್ತಿತ್ತು.

"ಇದು ಮಾತಾಡೂದ ಇಲ್ಲಲ್ರಿ," ಎಂದಳು ರಂಜನಾ.

"ಮಾತು ಕಡಿಮಿ, ಕೆಲಸ ಜಾಸ್ತಿ."

"ನಿಮ್ಮಂಗ."

ಅವನು ತಿರುಗಿ ನೋಡಿದ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು, ಆದರೆ ಈಚೆಯ ಕೆನ್ನೆ ನಗುತ್ತಿತ್ತು. ಅವನ ಕಿವಿಯ ಮೇಲೆ ಗ್ರೀಸಿನ ಗೆರೆಯೊಂದಿರುವುದನ್ನು ಅವಳು ಆಗಲೇ ನೋಡಿದ್ದಳು. ಹೇಳಬೇಕೆನಿಸಿದರೂ ಹೇಳಲಿಲ್ಲ.

"ಚಲೋ ಗಾಡಿನ ಇದು," ಅವನೆಂದ. "ಕಾಲಿಟ್ರ ಸಾಕು, ಎಳೀತೈತಿ. ಆದ್ರ ನಿಮ್ಮ ಗಾಡಿ ಸರ್ವಿಸಿಗೆ ಬಂದಾಗ ಹೊಡೆದು ನೋಡ್ತಿದ್ನಲ್ರಿ, ಅದಕ್ಕ ಕಾಯಬೇಕಿತ್ತು. ಎಂಜಿನ್ ನಿಮಿಷಕ್ಕ ಮೂರು ಸಾವಿರ ಸುತ್ತು, ನಾಕು ಸಾವಿರ... ಐದು ದಾಟಿದ ಮ್ಯಾಲ ಒಮ್ಮೆಲೇ ದನಿ ಬದಲಾಗ್ತಿತ್ತು. ಆ ಕಾಯೂದರಾಗ ಒಂದು ಸುಖ ಇತ್ತು. ಈಗ ದಿನಾ ಹತ್ತು ಗಾಡಿ ನೋಡ್ತೀನಿ, ಲ್ಯಾಪ್‌ಟಾಪ್ ಚುಚ್ಚಿ ತಪ್ಪು ಹುಡುಕ್ತೀನಿ. ಒಂದಕ್ಕೂ ದನಿ ಇಲ್ಲ."

ಅಷ್ಟೊಂದು ಮಾತನ್ನು ಅವನು ಆಡಿದ್ದು ಅದೇ ಮೊದಲು. ಅವಳು ಅವನನ್ನೇ ನೋಡುತ್ತ ಕೇಳಿಸಿಕೊಂಡಳು.

ಬೇವಿನ ಮರದ ಹತ್ತಿರ ಕುರಿ ಕಾಯುವ ಹೊಳೆಯಪ್ಪ ಕಂಬಳಿ ಹಾಸಿ ಕುಳಿತಿದ್ದ. ಅವನಿಗೆ ಏನೂ ವಿವರಿಸಬೇಕಾಗಲಿಲ್ಲ.

"ಆರಕ್ಕ ಬರ್ತೈತವ್ವ. ಅಂಜಬ್ಯಾಡ್ರಿ, ಯಾರಿಗೂ ಏನೂ ಮಾಡೂದಿಲ್ಲ."

ದೂರದ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತುಬಿಟ್ಟಿದ್ದವು. ಗಾಳಿಯೇ ಇರಲಿಲ್ಲ. ಆಗ ಬಂತು. ಮೊದಲು ದುಂಬಿಯಷ್ಟು ಸಣ್ಣಗೆ. ಆಮೇಲೆ ಎರಡನೇ ಗೇರು, ಮೂರನೇ ಗೇರು. ಐದು ಸಾವಿರ ದಾಟಿದಾಗ ದನಿ ಒಡೆದು ಮೇಲೇರಿತು, ಬಯಲೆಲ್ಲ ಅದರಿಂದಲೇ ತುಂಬಿದಂತಾಯಿತು. ರಸ್ತೆಯ ಮೇಲೆ ಏನೂ ಇರಲಿಲ್ಲ. ಧೂಳು ಏಳಲಿಲ್ಲ, ಜೋಳದ ಒಂದು ಗರಿಯೂ ಅಲುಗಲಿಲ್ಲ. ಕುರಿಗಳು ಮಾತ್ರ ಒಟ್ಟಿಗೆ ತಲೆ ಎತ್ತಿ, ಏನೋ ಹಾದುಹೋಗುವುದನ್ನು ನೋಡುವಂತೆ ಎಡದಿಂದ ಬಲಕ್ಕೆ ತಿರುಗಿಸಿದವು.

ಮರದ ಕೆಳಗೆ ಶಬ್ದ ನಿಧಾನವಾಯಿತು. ಹ್ಯಾಂಡ್‌ಬ್ರೇಕ್ ಎಳೆದ ಸಪ್ಪಳ. ಸ್ವಲ್ಪ ಹೊತ್ತು ಎಂಜಿನ್ ಅಲ್ಲೇ ಮೆಲ್ಲಗೆ ಓಡಿತು. ಆಮೇಲೆ ಇಲ್ಲವಾಯಿತು.

ರಂಜನಾ ಮೌನೇಶನ ಮಣಿಕಟ್ಟು ಹಿಡಿದುಕೊಂಡಿದ್ದಳು. ಅದು ಇಬ್ಬರಿಗೂ ತಡವಾಗಿ ತಿಳಿಯಿತು. ಬಿಡುವುದು ಇನ್ನೂ ತಡವಾಯಿತು.

ಮರುವಾರ ಮೌನೇಶ ಹೊಸ ರಿಂಗುಗಳನ್ನು ಹಾಕಿ ಪಿಸ್ಟನ್ ಕೂರಿಸಿದ. ಅಂದು ಸಂಜೆ ನಾಗಾವಿಯ ಅವಳ ಆಫೀಸಿನ ಮುಂದೆ ಶಬ್ದ ಅರ್ಧಕ್ಕಿಳಿಯಿತು. ಸಿಲಿಂಡರುಗಳನ್ನು ಮುಚ್ಚುವ ಹೆಡ್ ಕೂರಿಸಿದ ದಿನ ಐದು ಸಾವಿರದ ಆಚೆಯ ಕೂಗು ಕೇಳಲೇ ಇಲ್ಲ. ರಂಜನಾ ಬಸ್ಸಿಳಿದು ಓಡುತ್ತ ಬಂದಳು.

"ಇವತ್ತ ಏನ್ ಜೋಡ್ಸಿದ್ರಿ?"

"ಹೆಡ್ ರಿ."

ಇಬ್ಬರಿಗೂ ಅರ್ಥವಾಯಿತು. ಇಲ್ಲಿ ಎಂಜಿನ್ ಕೂಡಿಕೊಂಡಷ್ಟೂ ಅಲ್ಲಿ ದನಿ ಕಡಿಮೆಯಾಗುತ್ತಿತ್ತು.

"ಪೂರಾ ಜೋಡ್ಸಿದ್ರ ಅಲ್ಲಿ ಪೂರಾ ನಿಲ್ತೈತಿ," ಎಂದ ಮೌನೇಶ.

"ಜೋಡ್ಸಬ್ಯಾಡ್ರಿ." ಅವಳು ಎಂಜಿನ್ನಿಗೆ ಅಡ್ಡ ಕೈಯಿಟ್ಟಳು. "ಅವರು ಹೋಗೂ ಮುಂದ ನಾ ಇರಲಿಲ್ಲ. ಇಷ್ಟರ ಇರ್ಲಿ ನನಗ."

ಆ ಹೊತ್ತಿಗೆ ಮೌನೇಶನಿಗೆ ತನ್ನ ಮನಸ್ಸು ತಿಳಿದಿತ್ತು. ಎಂಜಿನ್ ಬಿಚ್ಚಿಕೊಂಡಿರುವವರೆಗೆ ಇವಳು ತನ್ನ ಕಡೆ ಬರಲಾರಳು ಎಂಬುದೂ ತಿಳಿದಿತ್ತು. ಸ್ಪ್ಯಾನರ್ ತೆಗೆದುಕೊಂಡ. ಬೆಳಿಗ್ಗೆ ಬಿಗಿ ಮಾಡಿದ್ದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಕೂರಿಸಿದ ಪಿಸ್ಟನ್‌ಗಳನ್ನೂ ಹೊರಗೆ ತೆಗೆದ.

ಎರಡು ತಿಂಗಳು ಹಾಗೇ ನಡೆಯಿತು. ಸಂಜೆ ಶಬ್ದ ಕೇಳಿಸಿಕೊಂಡು ಅವಳು ಗ್ಯಾರೇಜಿಗೆ ಬರುತ್ತಿದ್ದಳು. ಅವನು ಚಹಾ ತರಿಸಿ ಬಟ್ಟಲು ಮುಚ್ಚಿಟ್ಟಿರುತ್ತಿದ್ದ. "ಇವತ್ತ ಹೆಂಗಿತ್ರಿ?" ಎಂದು ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ಬರಬರುತ್ತ ಶಬ್ದದ ಮಾತು ಎರಡೇ ನಿಮಿಷಕ್ಕೆ ಮುಗಿಯತೊಡಗಿತು. ಬೇರೆ ಮಾತು ಕತ್ತಲಾಗುವವರೆಗೆ ಸಾಗುತ್ತಿತ್ತು. ಅವಳು ನಕ್ಕರೆ ಅವನ ಕೈಯ ಕೆಲಸ ನಿಲ್ಲುತ್ತಿತ್ತು. ಅದನ್ನು ಕಂಡು ಅವಳು ಇನ್ನೊಮ್ಮೆ ನಗುತ್ತಿದ್ದಳು.

ಒಂದು ಸೋಮವಾರ ಅವಳು ಬಂದಾಗ ಮುಖ ಬಿಳಿಚಿಕೊಂಡಿತ್ತು. ಚಹಾ ಮುಟ್ಟಲಿಲ್ಲ.

"ಇವತ್ತ ನಿಂತಿತ್ರಿ. ಆಫೀಸಿನ ಗೇಟಿನ ಮುಂದ, ನನ್ನ ಹತ್ರಾನ. ಬಾನೆಟ್ಟಿನ ಝಳ ಮುಖಕ್ಕ ಬಡೀತು. ಅವರು ಹಚ್ಚಿಕೊಳ್ತಿದ್ದ ಅತ್ತರಿನ ವಾಸನಿ. ಬಾಗಿಲ ತೆರದ ಸಪ್ಪಳ ಆತು. ನಾ ಒಂದು ಹೆಜ್ಜಿ ಮುಂದಿಟ್ಟೆ."

ಮೌನೇಶ ಸ್ಪ್ಯಾನರ್ ಕೆಳಗಿಟ್ಟ. "ಮತ್ತ?"

"ಮತ್ತ... ನೀವು ಇಲ್ಲಿ ಕುಂತಿರ್ತೀರಿ ಅಂತ ನೆನಪಾತು." ಅವಳು ನೆಲ ನೋಡುತ್ತ ಹೇಳಿದಳು. "'ನಾ ಬರೂದಿಲ್ರಿ' ಅಂದೆ. ಖರೇನ ಅಂದೆ, ಬಾಯಿ ಬಿಟ್ಟು. ಬಾಳ ಹೊತ್ತು ಅಲ್ಲೇ ನಿಂತಿತ್ತು. ಆಮ್ಯಾಲ ಬಾಗಿಲ ಹಾಕ್ಕೊಂತು. ಎಂದಿನಂಗ ಜೋರಾಗಿ ಹೋಗಲಿಲ್ರಿ. ನಾ ಪಕ್ಕಕ್ಕ ಕುಂತಾಗ ಹೊಡೀತಿದ್ದಂಗ, ಸಾವಕಾಶ ಹೋತು."

ಅವಳು ಅತ್ತಳು. ಅವನು ಮುಟ್ಟಲಿಲ್ಲ. ಎದುರಿಗೆ ಕುಳಿತೇ ಇದ್ದ. ಅಳು ಮುಗಿದ ಮೇಲೆ ಅವಳೇ ಸೀರೆಯ ಸೆರಗು ಸಿಕ್ಕಿಸಿ ಎದ್ದಳು.

"ಜೋಡ್ಸೂಣ್ರಿ. ನಾನೂ ಕೈ ಹಚ್ತೀನಿ."

ಆರು ದಿನ ಹಿಡಿಯಿತು. ಒಂದೊಂದು ಬೋಲ್ಟಿಗೂ ರಸ್ತೆಯ ಮೇಲಿನ ಶಬ್ದ ಮೆತ್ತಗಾಯಿತು. ಶನಿವಾರ ಬರೀ ನಿಟ್ಟುಸಿರಿನಷ್ಟು ಉಳಿದಿತ್ತು. ಭಾನುವಾರ ಇಳಿಹೊತ್ತಿಗೆ ಅವಳು ಕೀಲಿ ತಿರುಗಿಸಿದಳು. ಎಂಜಿನ್ ಎರಡು ಸಲ ಕೆಮ್ಮಿ, ಮೂರನೇ ಸಲಕ್ಕೆ ಹತ್ತಿಕೊಂಡು ಸಮನಾಗಿ ಉಸಿರಾಡತೊಡಗಿತು.

"ನೀವ ಹೊಡೀರಿ," ಎಂದ ಮೌನೇಶ, ಪಕ್ಕದಲ್ಲಿ ಕುಳಿತು.

ಮೊದಮೊದಲು ಅವಳು ಅಂಜುತ್ತಲೇ ಓಡಿಸಿದಳು. ಶಿರಹಟ್ಟಿ ದಾಟಿದ ಮೇಲೆ ರಸ್ತೆ ನೇರವಾಯಿತು, ಅವಳ ಬೆನ್ನೂ ನೇರವಾಯಿತು.

"ನಿಮ್ಮನ್ನ ಒಂದು ಮಾತು ಕೇಳಬೇಕಿತ್ರಿ," ಎಂದ ಅವನು.

"ಏನ್ರಿ? ಕೇಳಸವಲ್ದು!"

"ಗಾಡಿ ನಿಲ್ಸಿದ್ರ ಹೇಳ್ತೀನಿ!"

"ನಿಲ್ಸೂದಿಲ್ಲ. ಒದರ್ರಿ!"

ಮೂರನೇ ಗೇರು. ನಾಲ್ಕು ಸಾವಿರ, ಐದು ಸಾವಿರ. ದನಿ ಒಡೆಯಿತು. ಆ ಕೂಗಿನ ನಡುವೆ, ಕಿವಿಯವರೆಗೂ ಕೆಂಪಾಗಿ, ಮೌನೇಶ ಒದರಿದ:

"ನನಗ ನೀವು ಬೇಕ್ರಿ! ನಿದ್ದಿ ಹತ್ತೂದಿಲ್ಲ, ಊಟ ಸೇರೂದಿಲ್ಲ! ನಿಮ್ಮನ್ನ ಬಿಟ್ಟು ಏನೂ ತಿಳೀವಲ್ದು!"

ಅವಳು ಕಾಲು ತೆಗೆಯಲಿಲ್ಲ. ಮುಳ್ಳು ಏಳು ಸಾವಿರ ಮುಟ್ಟುವವರೆಗೆ ಒತ್ತಿ ಹಿಡಿದಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಆಮೇಲೆ ನಾಲ್ಕನೇ ಗೇರಿಗೆ ಹಾಕಿದಳು.

ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಕೀಲಿ ತೆಗೆದಳು. ಆರು ಗಂಟೆಯಾಯಿತು. ಇಬ್ಬರೂ ಉಸಿರು ಹಿಡಿದು ಕಾದರು. ಆರೂ ಐದು. ಆರೂ ಹತ್ತು. ರಸ್ತೆ ಬರೀ ರಸ್ತೆಯಾಗಿ ಬಿದ್ದುಕೊಂಡಿತ್ತು. ಹೊಲದಿಂದ ಮೆಲ್ಲಗೆ ಗಾಳಿ ಎದ್ದು ಅವಳ ಕೂದಲನ್ನು ಮುಖಕ್ಕೆ ತಂದಿತು.

ರಂಜನಾ ಸ್ಟೀರಿಂಗಿನಿಂದ ಕೈ ತೆಗೆದು ಅವನ ಕೈಯ ಮೇಲಿಟ್ಟಳು.

"ಮೌನೇಶ," ಎಂದಳು. ಅವಳ ಬಾಯಲ್ಲಿ ಆ ಹೆಸರು ಹಾಗೆ ಬರಿದಾಗಿ ಬಂದದ್ದು ಅದೇ ಮೊದಲು. "ಈಗ ಬ್ಯಾರೆ ಯಾರೂ ಕೇಳಸ್ಕೊಳ್ಳಾಕ ಇಲ್ಲ. ಇನ್ನೊಮ್ಮಿ ಹೇಳು. ಮೆಲ್ಲಕ."

ಅವನು ಹೇಳಿದ.

"ಹೂಂ," ಎಂದಳು ಅವಳು.